ಪುಟ್ಟನ ಗಂಟಲ ಪರೀಕ್ಷೆ

ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ ಕೇಳುವ ಜನರ ನಡುವೆ ಕೂತು ಒಂದು ಹಾಡಿಗೆ ಸುಮ್ಮನೆ "ಚೆನ್ನಾಗಿದೆ" ಅಂದು ನೋಡಿ. ಮುಗಿಯಿತು ನಿಮ್ಮ ಕಥೆ. ಚೆನ್ನಾಗಿದೆ ಅಂದರೆ ಏನು, ಯಾವ ಪಂಗಡದಲ್ಲಿ ಚೆನ್ನಾಗಿದೆ, ಇದು ಡೆತ್ ಮೆಟಲ್ಲೋ ಡೂಮ್ ಮೆಟಲ್ಲೋ, ಎರಡೂ ಸೇರಿದ್ದಾದರೆ ಡೆತ್ ಮೊದಲೋ ಡೂಮ್ ಮೊದಲೋ ಎಂದು ಜುಟ್ಟು ಹಿಡಿದುಕೊಳ್ಳುತ್ತಾರೆ. ಹೊರಗಿನವರಿಗೆ ಇದೆಲ್ಲ ಪಾತ್ರೆ ಅಂಗಡಿಯಲ್ಲಿ ಯಾರೋ ಜಾರಿ ಬಿದ್ದ ಸದ್ದು. ಅವರಿಗೆ ಮಾತ್ರ ಅನ್ನ ನೀರಿಗಿಂತ ದೊಡ್ಡದು.

ಅಕ್ಕನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಅವಳು ಕಿವಿ, ಮೂಗು, ಗಂಟಲಿನ ಕ್ಲಿನಿಕ್ಕಿನಲ್ಲಿ ಟೆಕ್ನೀಷಿಯನ್. ಮೂಗಿನ ಹೊಳ್ಳೆಯಿಂದ ತೆಳ್ಳನೆಯ ಕ್ಯಾಮರಾ ಕೊಳವೆ ಇಳಿಸಿ, ಗಂಟಲಿನ ಒಳಗನ್ನು ಪರದೆಯ ಮೇಲೆ ಹಿಡಿಯುವುದು ಅವಳ ಕೆಲಸ. ಡಾಕ್ಟರು ಬಂದು ಒಂದು ಸಲ ಇಣುಕಿ "ಹೂಂ" ಅಂದು ಹೋಗುತ್ತಾರೆ. ಜನ ಮುಖ ನೋಡಿ ಮನುಷ್ಯರನ್ನು ಗುರುತಿಸಿದರೆ ಇವಳು ಕತ್ತಿನ ಮುಂಭಾಗ ನೋಡುತ್ತಿದ್ದಳು. ಅವಳನ್ನು ಮೆಟಲ್ಲಿನ ಗದ್ದಲಕ್ಕೆ ಎಳೆದು ತಂದವನು ಅವಳ ತಮ್ಮ.

ತಮ್ಮನಿಗೆ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಸೊಂಟ ಮುಟ್ಟುವ ಕೂದಲು, ಕಪ್ಪು ಬಿಟ್ಟರೆ ಬೇರೆ ಬಣ್ಣದ ಅಂಗಿ ಹಾಕಿದವನಲ್ಲ. ಆದರೂ ಮನೆಯಲ್ಲಿ ಪುಟ್ಟ. ಈ ಪುಟ್ಟನಿಗೆ ಮಾತು ಬಂದ ದಿನದಿಂದ ಉಗ್ಗು. 'ಕ' ಅಂದರೆ ಅವನಿಗೆ ಯಮ. ದುಡಿಯುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ, ಗ್ರಹಚಾರ ನೋಡಿ! ಕನ್ನಡಕ ಎನ್ನಲಾರದವನನ್ನು ಗಿರಾಕಿಯ ಮುಂದೆ ನಿಲ್ಲಿಸುವುದು ಹೇಗೆ? ಮಾಲೀಕ ಅವನನ್ನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಲು ಕೂರಿಸಿದ್ದ. ಪುಟ್ಟ ಕಷ್ಟದ ಮಾತುಗಳನ್ನೆಲ್ಲ ಬಿಟ್ಟು ಸುತ್ತು ಹೋಗುತ್ತಿದ್ದ. ಕೊಡೆಗೆ 'ಮಳೆ ಟೋಪಿ', ಕಿಟಕಿಗೆ 'ಗಾಳಿಬಾಗಿಲು', ಕತ್ತರಿಗೆ 'ಎರಡು ಬಾಯಿಯದು'. ಮನೆಯವರೂ ಅದನ್ನೇ ಕಲಿತು, "ಆ ಎರಡು ಬಾಯಿಯದು ಎಲ್ಲಿಟ್ಟೆ?" ಎಂದು ಕೇಳುತ್ತಿದ್ದರು. ಒಂದೇ ಒಂದು ಮಾತನ್ನು ಮಾತ್ರ ಅವನು ಎಂದೂ ಸುತ್ತಿ ಹೋಗಲಿಲ್ಲ. ಎಷ್ಟೇ ಹೊತ್ತಾಗಲಿ, ಬೆವರಲಿ, "ಅ... ಅ... ಅಕ್ಕ" ಎಂದು ಪೂರ್ತಿ ಕರೆದೇ ಕರೆಯುತ್ತಿದ್ದ.

ಮೆಟಲ್ ಹಾಡುವವರ ಗುಟುರಿದೆಯಲ್ಲ, ಹೊಟ್ಟೆಯ ತಳದಿಂದ ಹೋರಿಯ ಹಾಗೆ ತೆಗೆಯುವ ದನಿ, ಅದರಲ್ಲಿ ಮಾತ್ರ ಪುಟ್ಟನಿಗೆ ಉಗ್ಗು ಇರಲಿಲ್ಲ. ಹಾಗಾಗಿ ಅದಕ್ಕೆ ಮರುಳಾದ. ಒಂದು ತಂಡ ಸೇರಿಕೊಂಡ. ಮನೆಯಲ್ಲಿ ಅಭ್ಯಾಸ ಮಾಡಿದಾಗ, ಯಾರಿಗೋ ಜೀವ ಹೋಗುತ್ತಿದೆ ಎಂದು ಮೇಲಿನ ಮನೆಯಾಕೆ ಆಂಬುಲೆನ್ಸ್ ಕರೆಸಿದಳು. ಆಮೇಲೆ ತಂಡದವರು ಮುಚ್ಚಿಹೋದ ಸೋಡಾ ಕಾರ್ಖಾನೆಯ ಹಿಂದೆ, ನೆಲದಡಿಯ ಖಾಲಿ ನೀರಿನ ಟ್ಯಾಂಕು ಹುಡುಕಿಕೊಂಡರು. ಕಬ್ಬಿಣದ ಏಣಿ ಇಳಿದು ಪುಟ್ಟ ಅಲ್ಲಿ ಗುಟುರು ಹಾಕುತ್ತಿದ್ದ.

"ಅ... ಅಕ್ಕ, ಅಲ್ಲಿ ನನ್ನ ದ... ದನಿ ತಡವಾಗಿ ವಾಪಸ್ ಬರುತ್ತೆ. ನಾನು ಬಿಟ್ಟಿದ್ದಕ್ಕಿಂತ ಆ... ಆಳವಾಗಿ," ಎಂದ ಒಂದು ದಿನ, ಕಣ್ಣು ಅರಳಿಸಿಕೊಂಡು. "ನನಗಿಂತ ಅದೇ ಚೆನ್ನಾಗಿ ಹಾಡುತ್ತೆ. ಅದರ ಹತ್ರ ಪಾ... ಪಾಠ ಹೇಳಿಸಿಕೊಳ್ತಿದೀನಿ."

ಇಬ್ಬರೂ ನಕ್ಕರು. ಪ್ರತಿಧ್ವನಿಯ ಹತ್ತಿರ ಪಾಠ ಹೇಳಿಸಿಕೊಳ್ಳುವವನು ಇವನೊಬ್ಬನೇ ಎಂದು ಅಕ್ಕ ಕ್ಲಿನಿಕ್ಕಿನಲ್ಲೂ ಹೇಳಿಕೊಂಡು ನಗಾಡಿದಳು.

ಅದಾಗಿ ಕೆಲವೇ ದಿನ. ಬೆಳಿಗ್ಗೆ ತಿಂಡಿಗೆ ಕೂತವನು, "ಅಕ್ಕ, ಆ ಬೆಣ್ಣೆ ಸ್ವಲ್ಪ ಈ ಕಡೆ ಕೊಡ್ತೀಯಾ? ಕತ್ತರಿಸಿದ ಬ್ರೆಡ್ ಕೂಡ ಕೊಡು," ಎಂದ. ಎಲ್ಲೂ ಎಡವಲಿಲ್ಲ. ಅಮ್ಮನ ಕೈಯ ಚಮಚ ಕೆಳಗೆ ಬಿತ್ತು. ಅವನನ್ನು ತಬ್ಬಿಕೊಂಡು ಗಳಗಳ ಅತ್ತಳು. ಕನ್ನಡಕದಂಗಡಿಯ ಮಾಲೀಕ ಅವನನ್ನು ಹಿಂದಿನ ಕೋಣೆಯಿಂದ ಕೌಂಟರಿಗೆ ತಂದ. ವ್ಯಾಪಾರ ಕುದುರಿತು. ಪುಟ್ಟ ಫೋನಿನಲ್ಲಿ ಅಪರಿಚಿತರ ಜೊತೆ ನಿರರ್ಗಳವಾಗಿ ಮಾತಾಡುತ್ತಿದ್ದರೆ ಅಮ್ಮ ಬಾಗಿಲ ಮರೆಯಲ್ಲಿ ನಿಂತು ಕಿವಿ ತುಂಬಿಸಿಕೊಳ್ಳುತ್ತಿದ್ದಳು.

ಅಕ್ಕನಿಗೂ ಮೊದಲು ಖುಷಿಯೇ ಆಯಿತು. ಆಮೇಲಾಮೇಲೆ ಅವನ ಮಾತನ್ನು ಕಿವಿಗೊಟ್ಟು ಕೇಳತೊಡಗಿದಳು. ಅವನು ಈಗ ಕೊಡೆಗೆ ಕೊಡೆ ಎನ್ನುತ್ತಿದ್ದ, ಕಿಟಕಿಗೆ ಕಿಟಕಿ. ಜಾಹೀರಾತು ಓದುವವರ ಹಾಗೆ ನುಣ್ಣಗೆ ಮಾತಾಡುತ್ತಿದ್ದ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಅಜ್ಜನ ಹಲ್ಲಿನ ಸೆಟ್ಟು ಬಚ್ಚಿಟ್ಟ ಕತೆ ಎತ್ತಿದರೆ, "ಹೌದಕ್ಕ, ನೆನಪಿದೆ. ತುಂಬ ಚೆನ್ನಾಗಿತ್ತು," ಎಂದು ನಿಲ್ಲಿಸಿಬಿಟ್ಟ. ಅದರ ಮುಂದಿನ ಮಾತು ಅವನಿಂದ ಬರಲೇ ಇಲ್ಲ. ಇನ್ನೊಂದನ್ನು ಗಂಟಲಿನ ಕಸುಬಿನವಳಾಗಿ ಅವಳೊಬ್ಬಳೇ ಕಂಡಳು. ಮಾತಾಡುವಾಗ ಎಲ್ಲರ ಕತ್ತಿನಲ್ಲೂ ಗಂಟಲಮಣಿ ಮೇಲೆ ಕೆಳಗೆ ಆಡುತ್ತದೆ. ಪುಟ್ಟನದು ಆಡುತ್ತಿರಲಿಲ್ಲ.

ನಡುವೆ ಒಂದು ಸಲ ಅವನಿಗೆ ಜ್ವರ ಬಂತು. ವಾರವಿಡೀ ಟ್ಯಾಂಕಿನ ಕಡೆ ಹೋಗಲಾಗಲಿಲ್ಲ. ಕಂಬಳಿ ಹೊದ್ದು ಮಲಗಿದ್ದವನು ಒಂದು ಮಧ್ಯಾಹ್ನ, "ಅ... ಅ... ಅಕ್ಕ, ಗಾಳಿಬಾಗಿಲು ಮು... ಮುಚ್ಚೇ, ಚಳಿ," ಎಂದ. ಆಮೇಲೆ ಅಜ್ಜನ ಹಲ್ಲಿನ ಸೆಟ್ಟು ಹಿಟ್ಟಿನ ಡಬ್ಬದಲ್ಲಿ ಸಿಕ್ಕಿದ್ದನ್ನು ಅವನೇ ನೆನಪಿಸಿದ. ಹೇಳಿ ಮುಗಿಸುವುದಕ್ಕೆ ಯುಗವೇ ಆಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡುಗೆಮನೆಯಲ್ಲಿ ಅಮ್ಮ ಮಾತ್ರ, "ಅಯ್ಯೋ, ಮತ್ತೆ ಶುರುವಾಯ್ತಲ್ಲಪ್ಪಾ," ಎಂದು ತಲೆ ಚಚ್ಚಿಕೊಂಡಳು. ಜ್ವರ ಬಿಟ್ಟಿತು, ಪುಟ್ಟ ಟ್ಯಾಂಕಿಗೆ ಹೋದ, ಸಂಜೆ ನುಣ್ಣಗಾಗಿ ವಾಪಸು ಬಂದ.

"ಪುಟ್ಟ, ನನ್ನ ಮಾತು ಕೇಳು. ಆ ಟ್ಯಾಂಕಿಗೆ ಇನ್ನು ಹೋಗಬೇಡ ಕಣೋ," ಎಂದು ಅವಳು ಅಂಗಲಾಚಿದಳು.

"ಯಾಕಕ್ಕ? ನಾನು ಚೆನ್ನಾಗಿರೋದು ನಿನಗೆ ಇಷ್ಟ ಇಲ್ವಾ?" ಎಂದು ಮುಗುಳ್ನಕ್ಕ.

ಇಷ್ಟರಲ್ಲಿ ಪುಟ್ಟನ ತಂಡ ಹಾಡುಗಳನ್ನು ಧ್ವನಿಮುದ್ರಿಸಿ ಹೊರಗೆ ಬಿಟ್ಟಿತ್ತು. ಊರಿನ ಮೆಟಲ್ ಕೂಟದಲ್ಲಿ ಬೆಂಕಿ ಬಿತ್ತು. ಕೂಟ ಅಂದರೆ ಭಾನುವಾರ ಮಧ್ಯಾಹ್ನ ಸ್ನಾನದಮನೆ ಸಾಮಾನಿನ ಅಂಗಡಿಯ ಮೇಲಿನ ಗೋದಾಮಿನಲ್ಲಿ, ಡಬ್ಬಿಯೊಳಗಿನ ಹೊಸ ಕಮೋಡುಗಳ ಮೇಲೆ ಕೂತು ಜಗಳಾಡುವವರ ಗುಂಪು. ಹಿಂದೊಮ್ಮೆ, ಕೀಬೋರ್ಡು ನುಡಿಸುವ ತಂಡವನ್ನು ಮೆಟಲ್ ಅನ್ನಬಹುದೋ ಬಾರದೋ ಎಂದು ಒಡೆದು ಹೋಗಿ, ಒಬ್ಬರ ಮುಖ ಒಬ್ಬರು ನೋಡದೆ ಇದ್ದರಂತೆ. ವರ್ಷಕ್ಕೊಮ್ಮೆ ಇವರೇ ಒಂದು ಸಂಗೀತ ಕಛೇರಿ ನಡೆಸುತ್ತಿದ್ದರು. ಅಲ್ಲಿ ಹಾಡಬೇಕಾದರೆ ಯಂತ್ರದ ಸಹಾಯವಿಲ್ಲದ ದನಿ ಬೇಕು. ಅಸಲಿ ಎಂದು ಕೂಟ ಒಪ್ಪಬೇಕು, ಆಮೇಲೆ ಯಾವ ಪಂಗಡ ಎಂದು ಹಣೆಪಟ್ಟಿ ಹಚ್ಚಬೇಕು. ಪುಟ್ಟ ಅಕ್ಕನನ್ನು ಕರೆದುಕೊಂಡು ಹೋದ ದಿನ ಅದೇ ಪಂಚಾಯ್ತಿ.

"ಇದು ಮನುಷ್ಯನ ಗಂಟಲೇ ಅಲ್ಲ," ಎಂದ ಕೂಟದವರೆಲ್ಲ ಪಂಡಿತ ಎಂದು ಕರೆಯುವವನು. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದ ಅವನಿಗೆ ಹಾಡನ್ನೂ ಯಾವುದಾದರೊಂದು ಗೂಡಿಗೆ ಹಾಕದಿದ್ದರೆ ನಿದ್ದೆ ಬರುತ್ತಿರಲಿಲ್ಲ. "ಯಂತ್ರಕ್ಕೆ ಹಾಕಿ ದನಿ ತಗ್ಗಿಸಿದಾರೆ. ಬರೆದು ಕೊಡ್ತೀನಿ ಬೇಕಾದ್ರೆ."

"ಮೊದಲು ಇದು ಏನು ಅಂತ ತೀರ್ಮಾನ ಆಗ್ಲಿ," ಎಂದರು ಟೀಚರ್. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ, ಮೆತ್ತಗಿನ ಹೆಂಗಸು. ಕೂಟದಲ್ಲಿ ಮಾತ್ರ ಯಾರಿಗೂ ಬಗ್ಗುತ್ತಿರಲಿಲ್ಲ. "ನಾನಿದನ್ನ ಡೂಮ್ ಅಂತೀನಿ. ಡೂಮ್‌ನಲ್ಲಿ ದನಿ ಇಷ್ಟು ಕೆಳಗಿರೋದು ಸಹಜ."

"ಡೂಮಾ? ಈ ವೇಗಕ್ಕಾ?"

"ಡೂಮ್ ಅಂದ್ರೆ ನಿಧಾನ ಅಲ್ಲ ರೀ, ಭಾರ."

"ಭಾರ ಬೇಕಾದ್ರೆ ಈ ಕಮೋಡ್ ಎತ್ತಿ ನೋಡಿ!"

"ಥತ್ ನಿಮ್ಮ ಮನೆ ಹಾಳಾಗ!" ಎಂದು ಗುಡುಗಿದವನು ವಿದ್ಯುತ್ ಕಂಬ ಹತ್ತುವ ಲೈನ್‌ಮ್ಯಾನ್. ಅವನ ಬಾಯಲ್ಲಿ ಬೈಗುಳವಿಲ್ಲದೆ ಒಂದು ಮಾತೂ ಹೊರಡುತ್ತಿರಲಿಲ್ಲ. ಮಕ್ಕಳನ್ನು ಮುದ್ದು ಮಾಡುವುದೂ ಬೈಗುಳದಲ್ಲೇ. "ದರಿದ್ರ ಮುಂಡೇವಾ, ಹುಡುಗ ಇಷ್ಟು ಎದೆ ಒಡೆಯೋ ಹಾಗೆ ಹಾಡಿದಾನೆ, ಇವರದ್ದೊಂದು ಡೂಮು! ಅಸಲಿ ಅಂತ ಒಪ್ಪಿ ಕಳಿಸ್ರೋ."

ಪುಟ್ಟ ಎದ್ದು ನಿಂತ. "ಪಂಡಿತರೇ, ವಾದ ಯಾಕೆ? ನನ್ನ ಗಂಟಲಿಗೆ ಕ್ಯಾಮರಾ ಇಳಿಸಿ ನೋಡಿ. ನಮ್ಮಕ್ಕ ಅದೇ ಕೆಲಸ ಮಾಡೋದು. ನಿಮ್ಮೆಲ್ಲರ ಕಣ್ಣೆದುರೇ ತೋರಿಸ್ತಾಳೆ. ಅಸಲಿಯೋ ನಕಲಿಯೋ ಅವಳೇ ಹೇಳಲಿ, ಅದೇ ಕೊನೆಯ ಮಾತು."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಬೇಡ ಎನ್ನಬಹುದಾಗಿತ್ತು. ಡಾಕ್ಟರಿಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಆದರೆ ಆ ಗಂಟಲಿನೊಳಗೆ ಏನಿದೆ ಎಂದು ನೋಡುವ ಆಸೆಯೂ ಹೆದರಿಕೆಯೂ ಅವಳಿಗೇ ಎಲ್ಲರಿಗಿಂತ ಹೆಚ್ಚಾಗಿತ್ತು. ಆಗಲಿ ಎಂದಳು.

ಮುಂದಿನ ಭಾನುವಾರ ಕ್ಲಿನಿಕ್ಕಿಗೆ ರಜೆ, ಬೀಗದ ಕೈ ಅವಳ ಹತ್ತಿರ. ಕಿಟಕಿಯ ಪರದೆ ಎಳೆದು, ಕುರ್ಚಿಯ ಬೆನ್ನು ನೆಟ್ಟಗೆ ಮಾಡಿ ಪುಟ್ಟನನ್ನು ಕೂರಿಸಿದಳು. ಕೂಟದ ಪರವಾಗಿ ಬಂದ ಪಂಡಿತ, ಟೀಚರ್, ಲೈನ್‌ಮ್ಯಾನ್ ಮೂವರೂ ಕ್ಯಾಮರಾದ ಪರದೆಯ ಮುಂದೆ ಸಾಲಾಗಿ ನಿಂತರು. ಪಂಡಿತ ಮೊದಲು ಪುಟ್ಟನ ಜೇಬು, ಕಾಲರು, ಕೂದಲು ಎಲ್ಲ ತಡಕಿ ನೋಡಿದ. ಏನೂ ಸಿಗಲಿಲ್ಲ. ಅಕ್ಕ ಮೂಗಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದಳು, ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದಳು, ಮೆಲ್ಲಗೆ ಒಳಗೆ ಬಿಟ್ಟಳು. ಪರದೆಯ ಮೇಲೆ ಕೆಂಪು ಓಣಿ ಸರಿಯುತ್ತ ಹೋಗಿ ಗಂಟಲಿನ ತಳ ಬಂತು.

"ನೋಡಿ, ಈ ಬಿಳಿ ಪಟ್ಟಿ ಎರಡಿದೆಯಲ್ಲ, ಅದೇ ದನಿಯ ತಂತು," ಎಂದು ತೋರಿಸಿದಳು. "ಉಸಿರಾಡುವಾಗ ಹೀಗೆ ಬಿಟ್ಟುಕೊಂಡಿರುತ್ತೆ. ದನಿ ಮಾಡಿದಾಗ ಎರಡೂ ಒಂದಕ್ಕೊಂದು ಕೂಡಿ ಅದುರುತ್ತೆ. ಗುಟುರಿನವರಿಗೆ ಅದರ ಮೇಲಿನ ಮಡಿಕೆನೂ ಅದುರುತ್ತೆ. ಯಾವುದೋ ಒಂದು ಅಲುಗಲೇಬೇಕು. ಪುಟ್ಟ, 'ಈ' ಅನ್ನು."

"ಈ..." ಎಂದ ಪುಟ್ಟ, ಸ್ಪಷ್ಟವಾಗಿ, ಉದ್ದವಾಗಿ.

ಪಟ್ಟಿಗಳು ತೆರೆದೇ ಇದ್ದವು.

ಅಕ್ಕ ಕೊಳವೆಯನ್ನು ಚೂರು ಹಿಂದಕ್ಕೆಳೆದು ಮತ್ತೆ ಬಿಟ್ಟಳು. ಮತ್ತೆ 'ಈ' ಅನ್ನಿಸಿದಳು. ಕೋಣೆಯ ತುಂಬ ದನಿ, ಪರದೆಯ ಮೇಲೆ ಬಾಗಿಲು ತೆಗೆದಿಟ್ಟ ಹಾಗೆ ಎರಡು ಪಟ್ಟಿ, ಒಂದಿಷ್ಟೂ ಮಿಸುಕಾಟವಿಲ್ಲ.

"ಈಗ ಗುಟುರು ಹಾಕ್ಸಿ," ಎಂದ ಪಂಡಿತ.

ಅವಳು ಹೇಳುವ ಮೊದಲೇ ಅದು ಶುರುವಾಯಿತು. ಮೇಜಿನ ಮೇಲಿದ್ದ ಸ್ಟೀಲಿನ ತಟ್ಟೆ ಗಡಗಡ ಅಂದಿತು. ಲೈನ್‌ಮ್ಯಾನ್ ಎದೆ ಹಿಡಿದುಕೊಂಡು, "ಅಬ್ಬಬ್ಬಾ, ಇವನಜ್ಜಿ!" ಎಂದ. ಪುಟ್ಟನ ಬಾಯಿ ತೆರೆದಿತ್ತು, ಗಂಟಲು ತೆರೆದಿತ್ತು, ಒಳಗೆ ಏನೇನೂ ಅಲುಗುತ್ತಿರಲಿಲ್ಲ. ಪಟ್ಟಿಗಳ ಕೆಳಗೆ ಶ್ವಾಸನಾಳದ ಬಳೆಗಳು ಕಾಣಬೇಕು, ಸಾವಿರಾರು ಸಲ ಕಂಡವಳು ಅವಳು. ಅಲ್ಲಿ ಬಳೆಗಳಿರಲಿಲ್ಲ, ಬರೀ ಕತ್ತಲೆ. ದೀಪ ಮುಂದಕ್ಕೆ ತಳ್ಳಿದಷ್ಟೂ ಕತ್ತಲೆ ಕೆಳಗಿಳಿಯುತ್ತ ಹೋಯಿತು. ಪುಟ್ಟ ಉಸಿರನ್ನೇ ಬಿಡುತ್ತಿರಲಿಲ್ಲ, ಆದರೂ ಕೆಳಗಿನಿಂದ ಯಾರೋ ಊದಿದಂತೆ ಕ್ಯಾಮರಾದ ಗಾಜಿಗೆ ಮಂಜು ಕಟ್ಟಿತು. ಅವನ ಬಾಯಿಯಿಂದ ಹಳೆಯ ಸಿಮೆಂಟಿನ ತಂಪು ವಾಸನೆ ಬಂತು.

ಇಷ್ಟೆಲ್ಲ ಕಣ್ಣ ಮುಂದೆ ನಡೆಯುತ್ತಿದ್ದರೂ ಹಿಂದೆ ನಿಂತವರದು ಬೇರೆಯೇ ರಾಮಾಯಣ.

"ನೋಡಿದ್ರಾ? ಉಸಿರು ಒಳಕ್ಕೆ ಎಳೆದು ಹಾಡ್ತಿದಾನೆ," ಎಂದರು ಟೀಚರ್.

"ಒಳಕ್ಕೆ ಎಳೆದ್ರೆ ಅದು ಡೆತ್ ಆಗಲ್ಲ. ಬೇರೆ ಪಂಗಡ ಆಗುತ್ತೆ."

"ಹಾಗಾದ್ರೆ ಡೂಮ್ ಅಂತ ಒಪ್ಪಿಕೊಳ್ಳಿ."

"ಸತ್ರೂ ಒಪ್ಪಲ್ಲ!"

ಮನುಷ್ಯನಲ್ಲದ್ದೇನೋ ಎದುರಿಗೆ ಕೂತು ಕೂಗುತ್ತಿದೆ, ಇವರು ಅದಕ್ಕೆ ಚೀಟಿ ಅಂಟಿಸುವ ಗಡಿಬಿಡಿಯಲ್ಲಿದ್ದಾರೆ! ಅಕ್ಕನಿಗೆ ಕಿರುಚಿಕೊಳ್ಳಬೇಕು ಅನ್ನಿಸಿತು.

ಪುಟ್ಟ ಬಾಯಿ ಮುಚ್ಚಿದ. ಗುಟುರು ನಿಲ್ಲಲಿಲ್ಲ. ಮುಚ್ಚಿದ ಬಾಯಿಯ ಹಿಂದೆ ಇನ್ನೂ ಒಂದಿಷ್ಟು ಹೊತ್ತು ಇದ್ದು, ಆಮೇಲೆ ದೂರ ಹೋಗುವಂತೆ ತೆಳುವಾಯಿತು. ಕೋಣೆಯ ಪ್ರತಿಧ್ವನಿ ಎಂದು ಪಂಡಿತ ಹೇಳಿದ. ನಾಲ್ಕು ಹೆಜ್ಜೆಯ ಕೋಣೆಯಲ್ಲಿ ಎಲ್ಲಿಯ ಪ್ರತಿಧ್ವನಿ! ಲೈನ್‌ಮ್ಯಾನ್ ಬಗ್ಗಿ ಪುಟ್ಟನ ಕತ್ತಿಗೆ ಕಿವಿ ಹಚ್ಚಿದ. "ಏಯ್, ಒಳಗಿನ್ನೂ ಗುಂಯ್ ಅಂತಿದೆ ಕಣ್ರೋ," ಎಂದು ಮಗುವಿನ ಹಾಗೆ ನಕ್ಕ. ಎಷ್ಟು ಹೊತ್ತಾದರೂ ಅವನು ಕಿವಿ ತೆಗೆಯಲಿಲ್ಲ.

"ಹೇಳಕ್ಕ," ಎಂದಿತು ಪುಟ್ಟನ ದನಿ, ಬೆಣ್ಣೆಯಷ್ಟು ಮೆತ್ತಗೆ. "ಅಸಲಿ ಅಂತ ಹೇಳು. ಎಲ್ಲರೂ ಕಾಯ್ತಿದಾರೆ."

ಪರದೆಯ ಮೇಲೆ ಪಟ್ಟಿಗಳು ತೆರೆದೇ ಇದ್ದವು. ಅವಳು ಪರದೆ ಬಿಟ್ಟು ತಮ್ಮನ ಮುಖ ನೋಡಿದಳು. ತುಟಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ. ಮಾತು ಸಿಕ್ಕಿಹಾಕಿಕೊಂಡಾಗ ಚಿಕ್ಕಂದಿನಿಂದ ಅವನು ಹೇಗೆ ನೋಡುತ್ತಿದ್ದನೋ ಹಾಗೆ, ಸ್ವಲ್ಪ ತಾಳು, ಈಗ ಬರುತ್ತೆ, ನೀನು ಹೋಗಬೇಡ ಅನ್ನುವ ಹಾಗೆ ನೋಡುತ್ತಿತ್ತು. ಕುರ್ಚಿಯ ತೋಳಿನ ಮೇಲೆ ಹೆಬ್ಬೆರಳು ತಟ್ಟುತ್ತಿತ್ತು, ತಟ್ಟುತ್ತಲೇ ಇತ್ತು.

ಇದ್ದಾನೆ. ಒಳಗೆ ಇನ್ನೂ ಇದ್ದಾನೆ. ಅಸಲಿ ಅಂದರೆ ಕಛೇರಿ, ಚಪ್ಪಾಳೆ, ದಿನಾ ಟ್ಯಾಂಕು, ಕೌಂಟರಿನ ಕೆಲಸ, ಅಮ್ಮನ ಸಂತೋಷ, ಎಲ್ಲ ಸಿಗುತ್ತದೆ, ಪುಟ್ಟ ಸಿಗುವುದಿಲ್ಲ. ನಕಲಿ ಅಂದರೆ ಕೂಟ ಉಗಿಯುತ್ತದೆ, ತಂಡ ಹೊರಹಾಕುತ್ತದೆ, ಟ್ಯಾಂಕಿನ ದಾರಿ ಮುಚ್ಚುತ್ತದೆ. ತಮ್ಮನ ಬಾಳಿನಲ್ಲಿ ಹೆಮ್ಮೆಪಡಲು ಇದ್ದ ಒಂದೇ ಒಂದನ್ನು ಅಕ್ಕನೇ ನಾಲ್ಕು ಜನರ ಎದುರು ಕಿತ್ತುಕೊಂಡ ಹಾಗಾಗುತ್ತದೆ.

"ಇವನ ಗಂಟಲು ಅಲುಗಲೇ ಇಲ್ಲ," ಎಂದಳು. "ಈ ದನಿ ಇವನದಲ್ಲ. ನಕಲಿ."

ಪಂಡಿತ ಗೆದ್ದವನ ಹಾಗೆ ಚಪ್ಪಾಳೆ ತಟ್ಟಿದ. ಯಂತ್ರ ಎಲ್ಲಿದೆ ಎಂದು ಕುರ್ಚಿಯ ಅಡಿ, ಮೇಜಿನ ಅಡಿ ಹುಡುಕಿದ, ಸಿಗದಿದ್ದರೂ ಅವನಿಗೆ ಚಿಂತೆಯಾಗಲಿಲ್ಲ. "ಈಗೆಲ್ಲ ಗುಂಡಿಯಷ್ಟು ಚಿಕ್ಕದು ಬರುತ್ತೆ ಬಿಡಿ. ನುಂಗಿರ್ತಾನೆ." ಟೀಚರ್ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಲೈನ್‌ಮ್ಯಾನ್ ಒಂದು ಮಾತೂ ಆಡದೆ ಕಿವಿ ಉಜ್ಜಿಕೊಳ್ಳುತ್ತ ನಡೆದ. ಅವನು ಬೈಯದೆ ಹೊರಟದ್ದನ್ನು ಆಗ ಯಾರೂ ಗಮನಿಸಲಿಲ್ಲ.

"ತಪ್ಪು ಮಾಡಿದೆ ಅಕ್ಕ," ಎಂದಿತು ಆ ಮೆತ್ತಗಿನ ದನಿ. ಅವಳು ಕೊಳವೆಯನ್ನು ಹೊರಗೆಳೆದು ತೊಳೆಯುವ ಡಬ್ಬಕ್ಕೆ ಹಾಕಿದಳು.

ತಂಡ ಪುಟ್ಟನನ್ನು ಅವತ್ತೇ ಬಿಟ್ಟಿತು. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಿತ್ತು, ಬೀಗದ ಕೈ ತಂಡದವರ ಹತ್ತಿರ ಉಳಿಯಿತು. ಪುಟ್ಟ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಒಂದು ಸಂಜೆ ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಗೋಡೆಯಾಚೆ ಅವನು ಅಮ್ಮನ ಹತ್ತಿರ, "ನೀ... ನೀ... ನೀರು," ಎಂದು ಕೇಳಿದ್ದು ಕಿವಿಗೆ ಬಿತ್ತು. ಅವಳು ನಲ್ಲಿ ಜೋರಾಗಿ ಬಿಟ್ಟು ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಕೂಡ ಅತ್ತಳು, ಅವಳ ಕಾರಣ ಬೇರೆ. ಕನ್ನಡಕದ ಮಾಲೀಕ ಅವನನ್ನು ಮತ್ತೆ ಹಿಂದಿನ ಕೋಣೆಗೆ ಕಳಿಸಿದ. "ಒಡಹುಟ್ಟಿದವಳಾ ನೀನು? ಒಂದು ಸುಳ್ಳು ಹೇಳೋಕೆ ನಿನ್ನ ಗಂಟು ಹೋಗ್ತಿತ್ತಾ?" ಎಂದು ಅಮ್ಮ ಹಗಲೂ ಇರುಳೂ ಕುಟುಕಿದಳು. ಪುಟ್ಟ ಅಷ್ಟೂ ಮಾಡಲಿಲ್ಲ. ಅಕ್ಕ ಇದ್ದ ಕೋಣೆಗೆ ಅವನು ಬರುತ್ತಲೇ ಇರಲಿಲ್ಲ.

ಕಛೇರಿಯ ಸಂಜೆ ಅವನು ಚಪ್ಪಲಿ ಮೆಟ್ಟಿದ್ದನ್ನು ಕಂಡು ಅವಳೂ ಹಿಂದೆಯೇ ಹೊರಟಳು. ಸಭಾಂಗಣದ ಬಾಗಿಲಲ್ಲಿ ಕಪ್ಪಂಗಿಯವರ ನೂಕುನುಗ್ಗಲು. ಪುಟ್ಟನ ತಂಡಕ್ಕೆ ಹೊಸ ಹಾಡುಗಾರ ಸಿಕ್ಕಿದ್ದಾನೆ, ಟ್ಯಾಂಕಿನಲ್ಲಿ ಹಗಲೆಲ್ಲ ಅಭ್ಯಾಸ ಮಾಡಿದ್ದಾನೆ, ಪಂಡಿತನೂ ಟೀಚರೂ ಜೀವಮಾನದಲ್ಲಿ ಮೊದಲ ಸಲ ಒಂದೇ ಮಾತಿಗೆ ಬಂದು ಅಸಲಿ ಎಂದು ಒಪ್ಪಿದ್ದಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಪಕ್ಕದ ಬಾಗಿಲಿನಿಂದ ಹೊಸ ಹಾಡುಗಾರ ಹೊರಗೆ ಬಂದ. ಲೈನ್‌ಮ್ಯಾನ್!

"ನಮಸ್ಕಾರ. ಬಂದದ್ದು ತುಂಬ ಸಂತೋಷ," ಎಂದ ಅಕ್ಕನಿಗೆ ಕೈ ಮುಗಿದು. "ದಯವಿಟ್ಟು ಒಳಗೆ ಬನ್ನಿ, ಮುಂದಿನ ಸಾಲಿನಲ್ಲಿ ಜಾಗ ಇದೆ."

ಅವಳ ಕಣ್ಣು ತಾನಾಗಿ ಅವನ ಕತ್ತಿನ ಮೇಲೆ ಹೋಯಿತು. ಗಂಟಲಮಣಿ ಕೂತಲ್ಲಿಂದ ಕದಲಿರಲಿಲ್ಲ.

ಅವನು ಒಳಗೆ ಹೋದ ಮೇಲೆ, ಎರಡು ಮಕ್ಕಳ ಕೈ ಹಿಡಿದು ನಿಂತಿದ್ದ ಅವನ ಹೆಂಡತಿ ಹತ್ತಿರ ಬಂದಳು. "ನೀವೇ ಅಲ್ವಾ ಗಂಟಲು ನೋಡೋರು? ನಮ್ಮನೆಯವರು ಈಗ ಬೈಯೋದೇ ಬಿಟ್ಬಿಟ್ಟಿದಾರೆ ಕಣ್ರೀ. ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತೀರಿ! ಮಕ್ಕಳು ಮಾತ್ರ ಯಾಕೋ ಹತ್ರ ಹೋಗಲ್ಲ. ಹೊಸದಲ್ವಾ, ಒಗ್ಗಿಕೊಳ್ತಾವೆ."

ಅಕ್ಕ ಅವಳಿಗೆ ಏನೆಂದು ಹೇಳುವುದು? ನಿಮ್ಮ ಗಂಡ ಮೊದಲಿನ ಹಾಗೆ ಬೈಯುವಂತೆ ಮಾಡಿ ಅಂತಲೇ? ಮತ್ತೊಂದು ಮಾತೂ ಅವಳ ಮನಸ್ಸಿಗೆ ಬಂತು. ಆ ದನಿ ಇವರಲ್ಲಿ ಇರುವಷ್ಟು ದಿನ ತನ್ನ ಮನೆಗೆ ಬರುವುದಿಲ್ಲ. ಆ ಯೋಚನೆಗೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾಗಿಯೂ ಅವಳು, "ಒಳ್ಳೇದಾಯ್ತು," ಎಂದು ಹೇಳಿ ಆ ಮಕ್ಕಳ ಮುಖ ನೋಡದೆ ಹೊರಗೆ ಬಂದಳು.

ಪುಟ್ಟ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಗುಟುರು ಎದ್ದಿತು, ಅದೇ ದನಿ. ಕೂತಿದ್ದ ಮೆಟ್ಟಿಲು ನಡುಗಿತು. "ಅಸಲಿ! ಅಸಲಿ!" ಎಂದು ಜನ ಹುಚ್ಚೆದ್ದು ಕೂಗಿದರು. ಅಕ್ಕ ಅವನಿಂದ ಒಂದು ಮಾರು ದೂರದಲ್ಲಿ ಕೂತಳು. ಅವನು ಮೊಣಕಾಲ ನಡುವೆ ಇಟ್ಟಿದ್ದ ತಲೆಯೆತ್ತಿ ಅವಳನ್ನು ನೋಡಿದ. ಆ ಭಾನುವಾರದ ನಂತರ ಮೊದಲ ಸಲ.

"ಅ... ಅ... ಅದು ನಂದಾಗಿತ್ತು," ಎಂದ. "ಎ... ಎಲ್ಲರೂ ನನ್ನ ಮಾ... ಮಾತು ಕೇಳ್ತಿದ್ರು. ನಿನ್ನ ನಾನು ಕ್... ಕ್..."

ಮಾತು ಸಿಕ್ಕಿಕೊಂಡಿತು. ಬಿಡಲ್ಲ ಅನ್ನಬಹುದಿತ್ತು, ಮರೆಯಲ್ಲ ಅನ್ನಬಹುದಿತ್ತು. ಸುತ್ತಿಕೊಂಡು ಹೋಗುವ ದಾರಿ ಅವನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಅವನು ಸುತ್ತಿ ಹೋಗಲಿಲ್ಲ. ಕತ್ತಿನ ನರ ಉಬ್ಬಿದವು, ಮುಖ ಕೆಂಪೇರಿತು, ಗಂಟಲಮಣಿ ಮೇಲೆ ಕೆಳಗೆ ಒದ್ದಾಡಿತು. ಆ ಒದ್ದಾಟವನ್ನು ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

"ಕ್ಷ... ಕ್ಷ... ಕ್ಷಮಿಸಲ್ಲ. ಸಾ... ಸಾಯೋವರೆಗೂ."

ಅಕ್ಕನ ಕಣ್ಣಿಂದ ದಳದಳ ನೀರಿಳಿಯಿತು. "ಕ್ಷಮಿಸಬೇಡ ಕಣೋ. ಯಾವತ್ತೂ ಬೇಡ. ಇನ್ನೊಂದ್ಸಲ ಹೇಳು, ಅಷ್ಟೇ."

ಪುಟ್ಟ ಇವಳಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದ. ಸಿಟ್ಟು ನೆತ್ತಿಗೇರಿ ಮತ್ತೆ ಶುರು ಮಾಡಿದ. ಈ ಸಲ ಇನ್ನೂ ತಡವಾಯಿತು. ಅವಳು ಕೈ ಕಟ್ಟಿಕೊಂಡು ಕೂತು ಅವನು ಮುಗಿಸುವವರೆಗೂ ಕೇಳಿದಳು.